ಐಎಸ್‌ಒ 400ರಲ್ಲೇ ಇಟ್ಟರೂ ರಾ ಫೋಟೊದಲ್ಲಿ ಇಷ್ಟು ನಾಯ್ಸ್ ಯಾಕೆ? ಕ್ಯಾಮೆರಾ ಮಾರಿಬಿಡಲಾ?

ಮಾರಬೇಡಿ. ಕ್ಯಾಮೆರಾದಲ್ಲಿ ಏನೂ ತೊಂದರೆ ಇಲ್ಲ. (ಹೊಸಬರಿಗೆ: ನಾಯ್ಸ್ ಅಂದರೆ ಚಿತ್ರದಲ್ಲಿ ಮೂಡುವ ಬೇಡದ ಚುಕ್ಕೆಗಳು, ಐಎಸ್‌ಒ ಅಂದರೆ ಕ್ಯಾಮೆರಾ ಚಿತ್ರವನ್ನು ಎಷ್ಟು ಬೆಳಗಿಸಬೇಕು ಅನ್ನುವ ಸೆಟ್ಟಿಂಗ್, ರಾ ಅಂದರೆ ಕ್ಯಾಮೆರಾ ತಿದ್ದದೆ ಉಳಿಸಿದ ಮೂಲ ಫೈಲ್.)

ನೀವು ಬರೆದಿರುವ ಪ್ರಕಾರ, ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನದಲ್ಲಿ ಕಲ್ಯಾಣ ಮಂಟಪದ ಕಂಬಗಳನ್ನು ತೆಗೆದಿದ್ದೀರಿ. ಕ್ಯಾಮೆರಾ ಜೊತೆ ಬಂದ ಕಿಟ್ ಲೆನ್ಸ್, 55 ಎಂಎಂಗೆ ಜೂಮ್, ಅಪರ್ಚರ್ ಅಂದರೆ ಬೆಳಕಿನ ಕಿಂಡಿ ಎಫ್ 5.6 (ಈ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು), ಶಟರ್ 1/125 ಸೆಕೆಂಡ್. ನಾಯ್ಸ್ ಬರಬಾರದು ಅಂತ ಐಎಸ್‌ಒ 400 ದಾಟಿಸಿಲ್ಲ. ಫೋಟೊ ತಿದ್ದುವ ಲೈಟ್‌ರೂಮ್‌ನಲ್ಲಿ ಮೂರು ಸ್ಟಾಪ್ (ಒಂದು ಸ್ಟಾಪ್‌ಗೆ ಎರಡು ಪಟ್ಟು, ಒಟ್ಟು ಎಂಟು ಪಟ್ಟು) ಬೆಳಗಿಸಿದ ಕೂಡಲೇ ಕಲ್ಲಿನ ತುಂಬ ಕೆಂಪು, ಹಸಿರು ಚುಕ್ಕೆ.

ನಾನು ಚಿಕ್ಕಬಳ್ಳಾಪುರದವನೇ, ಆ ಮಂಟಪದ ಬೆಳಕು ನನಗೆ ಚೆನ್ನಾಗಿ ಗೊತ್ತು. ಹೊರಗೆ ಕಣ್ಣು ಕುಕ್ಕುವ ಬಿಸಿಲು, ಒಳಗೆ ಕರಿ ಕಲ್ಲು. ಕಪ್ಪು ಕಲ್ಲು ಬಂದ ಬೆಳಕನ್ನೆಲ್ಲ ನುಂಗಿಬಿಡುತ್ತದೆ. ಅಲ್ಲಿ 1/125ಕ್ಕೆ ಸೆನ್ಸರ್‌ಗೆ ಸಿಗುವ ಬೆಳಕು ತೀರಾ ಕಡಿಮೆ. ನಾಯ್ಸ್ ಹುಟ್ಟುವುದೇ ಅಲ್ಲಿ. ಐಎಸ್‌ಒ ಅನ್ನು ಎಲ್ಲರೂ ಸುಮ್ನೆ ಬೈಯುತ್ತಾರೆ.

ಬೆಳಕು ಫೋಟಾನ್‌ಗಳಾಗಿ, ಬಿಡಿ ಬಿಡಿಯಾಗಿ ಬಂದು ಬೀಳುತ್ತದೆ. ಹೊಲದಲ್ಲಿ ಒಂದು ಹಿಡಿ ರಾಗಿ ಚೆಲ್ಲಿದರೆ ಒಂದು ಕಡೆ ನಾಲ್ಕು ಕಾಳು, ಪಕ್ಕದಲ್ಲಿ ಒಂದೂ ಇಲ್ಲ. ಅದೇ ಜಾಗಕ್ಕೆ ಒಂದು ಚೀಲ ಚೆಲ್ಲಿ, ಆ ಏರುಪೇರು ಕಣ್ಣಿಗೇ ಕಾಣುವುದಿಲ್ಲ. ಪಿಕ್ಸೆಲ್ ಕಥೆಯೂ ಅಷ್ಟೇ. ಎಂಟು ಪಟ್ಟು ಬೆಳಕು ಕೊಟ್ಟರೆ ನಾಯ್ಸ್‌ಗೆ ಹೋಲಿಸಿದಾಗ ಚಿತ್ರ ಸುಮಾರು 2.8 ಪಟ್ಟು ಗಟ್ಟಿಯಾಗುತ್ತದೆ (ಎಂಟರ ವರ್ಗಮೂಲ). ಇದರ ಜೊತೆಗೆ ಕ್ಯಾಮೆರಾದ ಎಲೆಕ್ಟ್ರಾನಿಕ್ಸ್ ಸ್ವಲ್ಪ ನಾಯ್ಸ್ ಸೇರಿಸುತ್ತದೆ. ಅದು ಕಾಣುವುದು ಕತ್ತಲ ಭಾಗದಲ್ಲೇ. ನೀವು ಎಳೆದು ಬೆಳಗಿಸಿದ್ದೂ ಅದೇ ಭಾಗವನ್ನು.

ಐಎಸ್‌ಒ ಜಾಸ್ತಿ ಮಾಡಿದರೆ ಬೆಳಕು ಹೆಚ್ಚುವುದಿಲ್ಲ, ಹಿಡಿದ ಸಿಗ್ನಲ್ ದೊಡ್ಡದಾಗುತ್ತದೆ ಅಷ್ಟೇ. ಅದೇ ಶಟರ್, ಅದೇ ಅಪರ್ಚರ್ ಇಟ್ಟುಕೊಂಡು 3200ರಲ್ಲಿ ತೆಗೆದಿದ್ದರೂ ನಾಯ್ಸ್ ಹೆಚ್ಚೇನೂ ಬರುತ್ತಿರಲಿಲ್ಲ. ಎಷ್ಟೋ ಕ್ಯಾಮೆರಾಗಳಲ್ಲಿ ಕಡಿಮೆಯೇ ಬರುತ್ತದೆ. ಕಂಬಗಳ ನಡುವೆ ಕಾಣುವ ಬಿಸಿಲು ಮಾತ್ರ ಪೂರ್ತಿ ಬಿಳಿಯಾಗುತ್ತದೆ, ಅದನ್ನು ಫ್ರೇಮಿನಿಂದ ಆಚೆ ಇಡಿ.

ಕಂಬ ಎಲ್ಲಿಗೂ ಓಡಿಹೋಗುವುದಿಲ್ಲ ಅಲ್ವಾ? 1/125 ಯಾಕೆ? 1/15ಕ್ಕೆ ಇಳಿಸಿ, ಎಂಟು ಪಟ್ಟು ಬೆಳಕು ಅಲ್ಲೇ ಸಿಕ್ಕಿತು. ಪುರಾತತ್ವ ಇಲಾಖೆಯ ಜಾಗ, ಟ್ರೈಪಾಡ್ ಇಡಲು ಅನುಮತಿ ಬೇಕಾಗುತ್ತದೆ. ಹಾಗಾಗಿ ಎದುರು ಕಂಬಕ್ಕೆ ಬೆನ್ನು ಒರಗಿಸಿ, ಮೊಣಕೈ ಪಕ್ಕೆಗೆ ಒತ್ತಿ, ಲೆನ್ಸಿನಲ್ಲಿ ಸ್ಟೆಬಿಲೈಸೇಶನ್ (ಕೈ ಅಲುಗಾಟ ತಗ್ಗಿಸುವ ಸೌಲಭ್ಯ) ಇದ್ದರೆ ಆನ್ ಮಾಡಿ ಒಂದರ ಹಿಂದೆ ಒಂದು ತೆಗೆಯಿರಿ. ಒಂದಾದರೂ ಅಲುಗಾಡದೆ ಬರುತ್ತದೆ. ಪರದೆಯ ಚಿತ್ರವನ್ನು ನಂಬಬೇಡಿ. ರಾ ತೆಗೆದರೂ ಅಲ್ಲಿ ಕಾಣುವುದು ಕ್ಯಾಮೆರಾ ತಾನೇ ನಾಯ್ಸ್ ಒರೆಸಿ ಮಾಡಿದ ಜೆಪೆಗ್. ಹಿಸ್ಟೋಗ್ರಾಮ್ ನೋಡಿ, ಅಂದರೆ ಎಡಕ್ಕೆ ಕತ್ತಲು, ಬಲಕ್ಕೆ ಬೆಳಕು ಎಷ್ಟಿದೆ ಅಂತ ತೋರಿಸುವ ಗ್ರಾಫ್. ಬಲಗಡೆ ಗೋಡೆಗೆ ತಾಗದ ಹಾಗೆ, ಆದಷ್ಟು ಬಲಕ್ಕೆ ಇರಲಿ.

ಕ್ಯಾಮೆರಾವನ್ನು ನೆಲದಲ್ಲಿ ಬ್ಯಾಗ್ ಮೇಲೆ ಅಲುಗದಂತೆ ಇಡಲು ಆದರೆ ಇನ್ನೊಂದು ದಾರಿ ಇದೆ. ಒಂದೇ ಫ್ರೇಮನ್ನು 16 ಸಲ ತೆಗೆದು ಫೋಟೊಶಾಪ್‌ನಲ್ಲಿ ಜೋಡಿಸಿ ಸರಾಸರಿ ಮಾಡಿದರೆ ನಾಯ್ಸ್ ಕಾಲು ಭಾಗಕ್ಕೆ ಇಳಿಯುತ್ತದೆ. ಜನ ಓಡಾಡುತ್ತಿದ್ದರೆ ಇದು ಬೇಡ, ತಲೆನೋವು.

ಈಗ ತೆಗೆದಿರುವ ಫೈಲ್‌ಗಳ ವಿಷಯ. ಮೊದಲು 100 ಪರ್ಸೆಂಟ್ ಜೂಮ್ ಮಾಡಿ. ಬಣ್ಣದ ಚುಕ್ಕೆಗೆ ಕಲರ್ ಸ್ಲೈಡರ್. ರಾ ಫೈಲ್‌ಗೆ ಲೈಟ್‌ರೂಮ್ ತಾನಾಗಿಯೇ 25 ಹಾಕಿರುತ್ತದೆ, ನಿಮ್ಮದಕ್ಕೆ 40ರ ಆಸುಪಾಸು ಬೇಕಾಗಬಹುದು. ಇದನ್ನು ಧೈರ್ಯವಾಗಿ ಏರಿಸಿ, ಕರಿ ಕಲ್ಲಿನಲ್ಲಿ ಕಳೆದುಕೊಳ್ಳುವ ಬಣ್ಣ ಎಷ್ಟಿದೆ? ಬಣ್ಣವಿಲ್ಲದ ಚುಕ್ಕೆ ಒರೆಸುವ ಲ್ಯೂಮಿನೆನ್ಸ್ ಸ್ಲೈಡರ್ ಮಾತ್ರ ಹುಷಾರು. ನಾನು 20-25 ದಾಟಿಸುವುದಿಲ್ಲ. ದಾಟಿದರೆ ಶಿಲ್ಪದ ಒಡವೆಯ ಮಣಿಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಉಳಿಯ ಗೆರೆ ಮಾಯವಾಗುತ್ತದೆ, ಕಲ್ಲು ಪ್ಲಾಸ್ಟಿಕ್ ಥರ ಕಾಣುತ್ತದೆ. ಅದಕ್ಕಿಂತ ಒಂಚೂರು ಗ್ರೇನ್ ಇದ್ದರೇ ವಾಸಿ. ಆಮೇಲೆ ಶಾರ್ಪನಿಂಗ್‌ನಲ್ಲಿ ಆಲ್ಟ್ ಕೀ ಒತ್ತಿಕೊಂಡು ಮಾಸ್ಕಿಂಗ್ ಎಳೆಯಿರಿ. ಬಿಳಿ ಕಂಡ ಕಡೆ ಮಾತ್ರ ಶಾರ್ಪ್ ಆಗುತ್ತದೆ. ಕೆತ್ತನೆಯ ಅಂಚು ಬಿಳಿ, ಹಿಂದಿನ ಕತ್ತಲು ಕಪ್ಪು ಆಗುವವರೆಗೆ ಎಳೆದರೆ ಸಾಕು. ಇಲ್ಲದಿದ್ದರೆ ಚುಕ್ಕೆಗಳೂ ಶಾರ್ಪ್ ಆಗುತ್ತವೆ.

ಲೈಟ್‌ರೂಮ್‌ಗೆ 2023ರಲ್ಲಿ ಬಂದ ಎಐ ಡಿನಾಯ್ಸ್ ನಿಜಕ್ಕೂ ಚೆನ್ನಾಗಿದೆ. ಆದರೆ ಪೂರ್ತಿ ಬಿಟ್ಟರೆ ಸಣ್ಣ ಶಿಲ್ಪದ ಮುಖದಲ್ಲಿ ಇಲ್ಲದ ಗೆರೆ ಮೂಡಿಸುತ್ತದೆ. ಅಮೌಂಟ್ ತಗ್ಗಿಸಿ, ಮುಖಗಳನ್ನು ಜೂಮ್ ಮಾಡಿ ನೋಡಿ. ದುಡ್ಡು ಕೊಡಲು ಇಷ್ಟ ಇಲ್ಲದಿದ್ದರೆ ಡಾರ್ಕ್‌ಟೇಬಲ್ ಪುಕ್ಕಟೆ ಸಿಗುತ್ತದೆ. ಅದರಲ್ಲಿ ಡಿನಾಯ್ಸ್ ಪ್ರೊಫೈಲ್ಡ್ ಅಂತ ಇದೆ, ಆಯಾ ಕ್ಯಾಮೆರಾ, ಆಯಾ ಐಎಸ್‌ಒಗೆ ಅಳೆದಿಟ್ಟ ಲೆಕ್ಕದಿಂದ ಕೆಲಸ ಮಾಡುತ್ತದೆ. ಮನೆಯವರಿಗೆ ವಾಟ್ಸಾಪ್‌ನಲ್ಲಿ ಕಳಿಸಲು ಇದ್ಯಾವುದೂ ಬೇಡ, ಫೋಟೊ ಚಿಕ್ಕದಾದಾಗ ಅರ್ಧ ನಾಯ್ಸ್ ತಾನೇ ಅಡಗುತ್ತದೆ.

ದುಡ್ಡು ಹಾಕಲೇಬೇಕು ಅಂತಿದ್ದರೆ ಹೊಸ ಕ್ಯಾಮೆರಾ ಬಾಡಿ ಮೇಲೆ ಹಾಕಬೇಡಿ, 50 ಎಂಎಂ ಎಫ್ 1.8 ಲೆನ್ಸ್ ತಗೊಳ್ಳಿ. ಎಫ್ 5.6ಕ್ಕಿಂತ ಹತ್ತಿರ ಹತ್ತಿರ ಹತ್ತು ಪಟ್ಟು ಬೆಳಕು ಒಳಗೆ ಬರುತ್ತದೆ. ಅದರಲ್ಲಿ ಕಂಬದ ಒಂದು ಭಾಗ ಮಾತ್ರ ಹಿಡಿಸುತ್ತದೆ. ಇಡೀ ಮಂಟಪ ಬೇಕೆಂದರೆ ನಿಮ್ಮ ಕಿಟ್ ಲೆನ್ಸೇ ಸಾಕು, 18ಕ್ಕೆ ತಂದು ಎಫ್ 3.5ರಲ್ಲಿ ತೆಗೆಯಿರಿ.