ಬಸುರಿಯಲ್ಲಿ ಫ್ಲೂ ಬಂದರೆ ಮಗುವಿಗೆ ಇಮ್ಯುನಿಟಿ ಕಡಿಮೆಯಾಗುತ್ತಾ?

ಸೋಮವಾರಪೇಟೆಯಲ್ಲಿದ್ದೇನೆ, ಐದು ತಿಂಗಳು ತುಂಬಿದೆ, ಫ್ಲೂ ಬಂದು ಮೂರು ದಿನ ಜ್ವರದಲ್ಲಿ ಮಲಗಿದ್ದೆ, ಮಗುವಿನ ಇಮ್ಯುನಿಟಿಗೆ ಪೆಟ್ಟು ಬೀಳುತ್ತಾ ಅಂತ ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ. ಗೋಣಿಕೊಪ್ಪಲು ಕಡೆ ಪಿಯು ಮಕ್ಕಳಿಗೆ ಬಯಾಲಜಿ ಪಾಠ ಮಾಡುತ್ತೇನೆ. ನಾನೂ ಕೊಡಗಿನ ಕಕ್ಕಡ ತಿಂಗಳ ಮಳೆಯಲ್ಲಿ ಆರು ತಿಂಗಳ ಹೊಟ್ಟೆ ಹೊತ್ತು ಹೀಗೇ ಜ್ವರ ಹಿಡಿಸಿಕೊಂಡಿದ್ದೆ. ಒಗೆದ ಬಟ್ಟೆ ನಾಲ್ಕು ದಿನವಾದರೂ ಒಣಗದೆ, ಕೊನೆಗೆ ಒಲೆ ಪಕ್ಕ ಹರಡಿ ಹೊಗೆ ವಾಸನೆ ಹಿಡಿಯುವ ಕಾಲ, ನಿಮಗೆ ಗೊತ್ತೇ ಇದೆ.

ಫ್ಲೂ ವೈರಸ್ ಸಾಮಾನ್ಯವಾಗಿ ತಾಯಿಯ ಮೂಗು, ಗಂಟಲು, ಶ್ವಾಸಕೋಶದಲ್ಲೇ ಉಳಿಯುತ್ತದೆ. ಮಾಸು (ಪ್ಲಾಸೆಂಟಾ) ದಾಟಿ ಮಗುವಿನವರೆಗೆ ಹೋಗುವುದು ತೀರಾ ಅಪರೂಪ. ಮೈಮೇಲೆ ಕೆಂಪು ಗುಳ್ಳೆ ಏಳಿಸುವ ರುಬೆಲ್ಲಾ ಅನ್ನುವ ಇನ್ನೊಂದು ವೈರಸ್ ಹಾಗಲ್ಲ. ಮೊದಲ 12 ವಾರದೊಳಗೆ ಬಂದರೆ ಮಗುವಿನ ಕಣ್ಣು, ಕಿವಿ, ಹೃದಯಕ್ಕೇ ಕೈ ಹಾಕುತ್ತದೆ. 1941ರಲ್ಲಿ ಆಸ್ಟ್ರೇಲಿಯಾದ ಕಣ್ಣಿನ ಡಾಕ್ಟರ್ ನಾರ್ಮನ್ ಗ್ರೆಗ್, ಹುಟ್ಟುವಾಗಲೇ ಪೊರೆ ಇದ್ದ ಕೂಸುಗಳ ತಾಯಂದಿರನ್ನು ವಿಚಾರಿಸಿ ಇದನ್ನು ಪತ್ತೆ ಹಚ್ಚಿದರು. 2017ರ ಫೆಬ್ರವರಿಯಲ್ಲಿ ನಮ್ಮ ಶಾಲೆಗಳಲ್ಲೆಲ್ಲ ಎಂಆರ್ (ದಡಾರ-ರುಬೆಲ್ಲಾ) ಲಸಿಕೆ ಚುಚ್ಚಿದ್ದು ನೆನಪಿದೆಯಾ? ಅದರಲ್ಲಿ ‘ಆರ್’ ಅಂದರೆ ಈ ರುಬೆಲ್ಲಾನೇ.

ವೈರಸ್ ದಾಟದಿದ್ದರೆ ಮಗುವಿಗೆ ಏನೂ ತಟ್ಟುವುದೇ ಇಲ್ಲ ಅಂತಲೂ ಅಲ್ಲ. ಸೋಂಕು ಬಂದಾಗ ತಾಯಿಯ ಮೈ ಐಎಲ್-6 ಅನ್ನುವ ಪ್ರೋಟೀನನ್ನು ಜಾಸ್ತಿ ಮಾಡುತ್ತದೆ. 2021ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಗಬ್ಬದ ಇಲಿಗಳಿಗೆ ಸಣ್ಣ ಸೋಂಕು ತಗುಲಿಸಿದ್ದರು. ಅದು ವೈರಸ್ ಅಲ್ಲ, ಹೊಟ್ಟೆಯ ಬ್ಯಾಕ್ಟೀರಿಯಾ. ಮರಿಗಳಿಗೆ ಸೋಂಕು ತಗುಲಲಿಲ್ಲ. ಆದರೂ ಐಎಲ್-6ನಿಂದಾಗಿ ಅವುಗಳ ಕರುಳಿನ ರಕ್ಷಣಾ ಕೋಶಗಳು ಬದಲಾದವು. ಆ ಮರಿಗಳು ದೊಡ್ಡವಾದ ಮೇಲೆ ಕರುಳಿನ ಸೋಂಕನ್ನು ಚೆನ್ನಾಗಿ ಎದುರಿಸಿದವು. ಕರುಳಿನ ಉರಿಯೂತಕ್ಕೆ ಮಾತ್ರ ಬೇಗ ಸಿಕ್ಕಿಬಿದ್ದವು. ಅಂದರೆ ‘ಕಡಿಮೆ’ ಅನ್ನುವ ಮಾತೇ ಇಲ್ಲಿ ಸರಿ ಹೊಂದುವುದಿಲ್ಲ, ಅಲ್ವಾ? ಇಲಿಯ ಲೆಕ್ಕವನ್ನು ಹಾಗೇ ಮನುಷ್ಯರಿಗೆ ಹಾಕಲೂ ಬಾರದು.

ನಿಮ್ಮ ವಿಷಯದಲ್ಲಿ ಒಳ್ಳೆಯದೂ ಒಂದಿದೆ. ಜ್ವರ ಬಿಟ್ಟ ಮೇಲೆ ನಿಮ್ಮ ರಕ್ತದಲ್ಲಿ ಆ ಫ್ಲೂಗೆ ಆಂಟಿಬಾಡಿ, ಅಂದರೆ ಆ ವೈರಸ್ ಅನ್ನು ತಡೆಯುವ ಪ್ರೋಟೀನು, ತಯಾರಾಗುತ್ತದೆ. ಅದರಲ್ಲಿ ಐಜಿಜಿ ಅನ್ನುವ ಬಗೆಯದನ್ನು ಮಾಸು ತಾನೇ ಹಿಡಿದು ಮಗುವಿನ ಕಡೆ ದಾಟಿಸುತ್ತದೆ, ಅದೂ ಹೆಚ್ಚಾಗಿ ಕೊನೆಯ ಮೂರು ತಿಂಗಳಲ್ಲಿ. ತಿಂಗಳು ತುಂಬುವ ಮುಂಚೆಯೇ ಹುಟ್ಟಿದ ಕೂಸುಗಳಿಗೆ ಇದು ಕಡಿಮೆ ಸಿಗುವುದು ಅದಕ್ಕೇ. ಐಜಿಎಂ ಅನ್ನುವ ಇನ್ನೊಂದು ಬಗೆಯದು ದಾಟುವುದಿಲ್ಲ. ಹುಟ್ಟಿದ ಮಗುವಿನ ರಕ್ತದಲ್ಲಿ ಒಂದು ರೋಗದ ಐಜಿಎಂ ಸಿಕ್ಕರೆ ಅದು ಮಗುವೇ ಮಾಡಿಕೊಂಡದ್ದು, ಹಾಗಾಗಿ ಹೊಟ್ಟೆಯೊಳಗೇ ಸೋಂಕು ತಗುಲಿತ್ತಾ ಅಂತ ಡಾಕ್ಟರ್‌ಗಳು ನೋಡುತ್ತಾರೆ.

ನಮ್ಮ ಅತ್ತೆ ‘ಮಾತ್ರೆ ಕೂಸಿಗೆ ಆಗಲ್ಲ’ ಅಂತ ಬರೀ ಕರಿಮೆಣಸಿನ ಕಷಾಯ ಕೊಟ್ಟು ಒಂದು ರಾತ್ರಿ ಕಳೆಸಿದರು. ಕಷಾಯ ಕುಡಿಯಿರಿ, ತೊಂದರೆ ಇಲ್ಲ. ಆದರೆ ಬಸುರಿಯಲ್ಲಿ ಜ್ವರ ಜೋರಾದರೆ ಸುಮ್ನೆ ತಡೆದುಕೊಂಡು ಕೂರಬಾರದು. ಡಾಕ್ಟರ್ ಹೇಳಿದಷ್ಟು ಪ್ಯಾರಾಸಿಟಮಾಲ್ ತೆಗೆದುಕೊಂಡು ಇಳಿಸಬೇಕು. ಫ್ಲೂ ಲಸಿಕೆಯ ಬಗ್ಗೆಯೂ ಕೇಳಿ, ಗರ್ಭಿಣಿಯರಿಗೆ ಕೊಡುತ್ತಾರೆ. ಎಂಆರ್ ಮಾತ್ರ ಈಗ ಬೇಡ, ಅದರಲ್ಲಿ ಜೀವಂತ ವೈರಸ್ ಇರುತ್ತದೆ. ಮುಂದಿನ ಚೆಕಪ್‌ಗೆ ಹೋದಾಗ ಜ್ವರ ಬಂದ ತಾರೀಖನ್ನು ತಾಯಿ ಕಾರ್ಡಿನಲ್ಲಿ ಬರೆಸಿ. ಮೈಮೇಲೆ ಕೆಂಪು ಗುಳ್ಳೆ ಎದ್ದಿದ್ದರೆ ಅದನ್ನಂತೂ ಮರೆಯದೆ ಹೇಳಿ.