ತಮ್ಮನಿಗೆ ಗೋವಾದ ಅಣಬೆ ಥೆರಪಿ ಬೇಕಂತೆ!

ಪ್ರಶ್ನೆ: ನಾವು ಹುಬ್ಬಳ್ಳಿ ಕಡೆಯವರು, ಈಗ ಪುಣೆಯಲ್ಲಿದ್ದೇವೆ. 29 ವರ್ಷದ ತಮ್ಮನಿಗೆ ಹಿಂಜವಡಿಯಲ್ಲಿ ಕೆಲಸ. ಖಿನ್ನತೆಗೆ ಎರಡು ವರ್ಷದಿಂದ ಎಸಿಟಲೊಪ್ರಾಮ್ ಮಾತ್ರೆ ಒಂದನ್ನೇ ನುಂಗುತ್ತಿದ್ದಾನೆ, ಅಷ್ಟೇನೂ ಗುಣ ಕಂಡಿಲ್ಲ. ಗೋವಾದಲ್ಲಿ ‘ಮ್ಯಾಜಿಕ್ ಮಶ್ರೂಮ್’ ಅನ್ನೋ ಭ್ರಮೆ ಹುಟ್ಟಿಸುವ ಅಣಬೆ ಕೊಟ್ಟು ಥೆರಪಿ ಮಾಡುತ್ತಾರೆ, ಮಾತ್ರೆ ಬಿಟ್ಟು ಬಾ, ಒಂದೇ ಸಲಕ್ಕೆ ವಾಸಿ ಅಂತ ಗೆಳೆಯ ಹೇಳಿದ್ದಾನಂತೆ. ಹೊರದೇಶದಲ್ಲಿ ಡಾಕ್ಟರೇ ಕೊಡುತ್ತಾರೆ ಅನ್ನೋದು ನಿಜವಾ? ನಮ್ಮ ಸೋದರಮಾವ ಹಿಂದೆ ಮಾನಸಿಕ ಕಾಯಿಲೆಯಿಂದ ಧಾರವಾಡದ ಆಸ್ಪತ್ರೆಯಲ್ಲಿದ್ದರು. ಅದಕ್ಕೇ ಭಯ.
– ಓದುಗರು, ಕೊಥ್ರೂಡ್

ಉತ್ತರ: ನಿಮ್ಮ ಕೊನೆಯ ಮಾತಿನಿಂದಲೇ ಶುರು ಮಾಡುತ್ತೇನೆ. ಮಾವನವರಿಗೆ ಇದ್ದದ್ದು ಸ್ಕಿಜೋಫ್ರೇನಿಯಾನಾ, ಬೈಪೋಲಾರಾ? ಅಮ್ಮನನ್ನು ಕೇಳಿ, ಹಳೆಯ ಚೀಟಿ ಇದ್ದರೆ ಹುಡುಕಿಸಿ. ಮನೆತನದಲ್ಲಿ ಇಂಥ ಕಾಯಿಲೆ ಇದ್ದವರನ್ನು ಈ ಅಣಬೆ ಥೆರಪಿ ಬಗ್ಗೆ ನಡೆಯುವ ಹೊರದೇಶದ ಅಧ್ಯಯನಗಳು ಸಾಮಾನ್ಯವಾಗಿ ಬಾಗಿಲಲ್ಲೇ ವಾಪಸ್ ಕಳಿಸುತ್ತವೆ. ಭ್ರಮೆ, ಉನ್ಮಾದ ಕೆರಳುವ ಅಪಾಯ ಅವರಿಗೆ ಜಾಸ್ತಿ. ಗೋವಾದಲ್ಲಿ ಇದನ್ನು ಯಾರು ಕೇಳುತ್ತಾರೆ ಹೇಳಿ?

ಡಾಕ್ಟರೇ ಕೊಡುವುದು ನಿಜ. ಆಸ್ಟ್ರೇಲಿಯಾದಲ್ಲಿ 2023ರ ಜುಲೈಯಿಂದ, ಅನುಮತಿ ಪಡೆದ ಮನೋವೈದ್ಯರು ಬೇರೆ ಔಷಧಿಗೆ ಬಗ್ಗದ ಖಿನ್ನತೆಗೆ ಸೈಲೋಸೈಬಿನ್ ಕೊಡಬಹುದು. ಅಣಬೆಯಲ್ಲಿರುವುದೂ ಇದೇ. ಆದರೆ ಅಲ್ಲಿ ಮೊದಲು ಥೆರಪಿಸ್ಟ್ ಜೊತೆ ಮಾತುಕತೆ, ಆಮೇಲೆ ಅಳೆದ ಡೋಸ್. ಕಣ್ಣಿಗೆ ಪಟ್ಟಿ, ಮೆಲುವಾದ ಸಂಗೀತ, ಆರೇಳು ಗಂಟೆ ಪಕ್ಕದಲ್ಲೇ ಕೂತ ಥೆರಪಿಸ್ಟ್. ಮುಗಿದ ಮೇಲೆ ಮತ್ತೆ ಮಾತುಕತೆ. ಇಷ್ಟೆಲ್ಲ ಇದ್ದರೂ ಫಲ ಎಷ್ಟು? 2022ರಲ್ಲಿ ಪ್ರಕಟವಾದ 233 ಜನರ ಅಧ್ಯಯನದಲ್ಲಿ 25 ಮಿಲಿಗ್ರಾಂ ತೆಗೆದುಕೊಂಡವರಲ್ಲಿ ಮೂರು ವಾರಕ್ಕೆ ಚೆನ್ನಾಗಿ ಸುಧಾರಿಸಿದ್ದು ನೂರಕ್ಕೆ 37 ಮಂದಿ. ಹೆಸರಿಗಷ್ಟೇ 1 ಮಿಲಿಗ್ರಾಂ ಕೊಟ್ಟವರಲ್ಲೂ 18 ಮಂದಿ ಸುಧಾರಿಸಿದ್ದರು. ‘ಒಂದೇ ಸಲಕ್ಕೆ ವಾಸಿ’ ಇದರಲ್ಲಿ ಎಲ್ಲಿದೆ?

ನಮ್ಮಲ್ಲಂತೂ 1985ರ ಎನ್‌ಡಿಪಿಎಸ್ (ಮಾದಕ ವಸ್ತು ತಡೆ) ಕಾಯ್ದೆ ಪ್ರಕಾರ ಇದು ಅಪರಾಧ. ಥೆರಪಿ ಅಂದರೆ ಪೊಲೀಸರು ಬಿಡುವುದಿಲ್ಲ.

ನನಗೆ ಹೆಚ್ಚು ಚಿಂತೆ ಇರುವುದು ಮಾತ್ರೆ ಬಿಡುವ ಬಗ್ಗೆ. ಎಸಿಟಲೊಪ್ರಾಮ್ ತಟ್ಟನೆ ನಿಲ್ಲಿಸಿದರೆ ತಲೆಸುತ್ತು, ಸಿಡುಕು, ನಿದ್ದೆಗೇಡು ಬರಬಹುದು, ಖಿನ್ನತೆ ಮರುಕಳಿಸಬಹುದು. ಈಗಾಗಲೇ ಬಿಟ್ಟಿದ್ದರೆ ಇವತ್ತೇ ಅವನ ಡಾಕ್ಟರಿಗೆ ಫೋನ್ ಮಾಡಿ.

ತಮ್ಮನ ಬೇಸರ ಸುಮ್ನೆ ಅಲ್ಲ. ಎರಡು ವರ್ಷ ಕಾದಿದ್ದಾನಲ್ಲ! ಆದರೆ ಎರಡು ಬೇರೆ ಬೇರೆ ಔಷಧಿಗಳನ್ನು ಸರಿಯಾದ ಡೋಸ್‌ನಲ್ಲಿ, ಸಾಕಷ್ಟು ವಾರ ಕೊಟ್ಟೂ ಗುಣವಾಗದಿದ್ದರೆ ಮಾತ್ರ ಔಷಧಿಗೆ ಬಗ್ಗದ ಖಿನ್ನತೆ ಅನ್ನುತ್ತೇವೆ. ಅವನದು ಇನ್ನೂ ಮೊದಲನೆಯದೇ. ಬೇರೆ ಮನೋವೈದ್ಯರಿಗೆ ತೋರಿಸಿ. ಡೋಸ್ ಅಥವಾ ಮಾತ್ರೆ ಬದಲಿಸಬಹುದು, ಜೊತೆಗೆ ಯೋಚನೆ, ನಡವಳಿಕೆಯ ರೀತಿ ತಿದ್ದುವ ಮಾತಿನ ಚಿಕಿತ್ಸೆ, ಸಿಬಿಟಿ ಇದೆ. ಯಾವುದೂ ನಾಟದಿದ್ದರೆ ಆಸ್ಪತ್ರೆಯಲ್ಲಿ ಕಾನೂನುಬದ್ಧವಾಗಿಯೇ ಕೆಟಮಿನ್ ಎಂಬ ಅರಿವಳಿಕೆ ಔಷಧಿ ಕೊಡುವ ದಾರಿಯೂ ಇದೆ. ರಾತ್ರಿ ಹೊತ್ತು ಅವನಿಗೆ ತೀರಾ ಕಷ್ಟವಾದರೆ ಸರ್ಕಾರದ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೂ ಮಾತಾಡಬಹುದು.