ತೋಟಕ್ಕೆ ಮಡಿಸುವ ಚಾಕು ಕೊಳ್ಳಬಹುದೇ?

ಪ್ರಶ್ನೆ: ನಮಗೆ ಒಂದಿಷ್ಟು ಅಡಿಕೆ ತೋಟವೂ ಗೇರು ಗುಡ್ಡೆಯೂ ಇವೆ. ತೋಟಕ್ಕೆ ಹೋಗುವಾಗ ಅಡುಗೆಮನೆಯ ಚಾಕುವನ್ನೇ ಕಾಗದದಲ್ಲಿ ಸುತ್ತಿಕೊಂಡು ಹೋಗುವುದು ರೂಢಿ. ಅದರ ಬದಲು ಜೇಬಿನಲ್ಲಿಡುವ ಮಡಿಸುವ ಚಾಕು ಕೊಂಡರೆ ಹೇಗೆ? ಗೇರಿಗೆ ಕಸಿ ಕಟ್ಟುವುದನ್ನೂ ಕಲಿಯಬೇಕೆಂದಿದ್ದೇನೆ. ಅದಕ್ಕೂ ಇದೇ ಸಾಕಾದೀತೇ?
– ಓದುಗರೊಬ್ಬರು, ಪುತ್ತೂರು

ಉತ್ತರ: ಧಾರಾಳವಾಗಿ ಕೊಳ್ಳಿ, ಆದರೆ ಅಲಗಿನ ಹೊಳಪಿಗೆ ಮರುಳಾಗದೆ ಕೀಲನ್ನು ಪರೀಕ್ಷಿಸಿ ಕೊಳ್ಳಿ. ಮಡಿಸುವ ಚಾಕುವಿನ ಗುಣವೂ ದೋಷವೂ ಹುಟ್ಟುವುದು ಆ ಒಂದು ಕೀಲಿನಲ್ಲಿಯೇ. ಕೀಲು ಇರುವುದರಿಂದ ಹಿಡಿಯೇ ಅಲಗಿಗೆ ಒರೆಯಾಗುತ್ತದೆ. ಕಾಗದ ಹರಿದು ತೊಡೆಗೆ ಚುಚ್ಚುವ ಭಯವಿಲ್ಲದೆ ಅದು ಜೇಬಿನಲ್ಲಿ ಕುಳಿತಿರುತ್ತದೆ. ಬಾಳೆಯ ನಾರು ಕೊಯ್ಯಲು, ಗೊಬ್ಬರದ ಚೀಲದ ಹೊಲಿಗೆ ಬಿಚ್ಚಲು, ಕಾಳುಮೆಣಸಿನ ಬಳ್ಳಿ ಕಟ್ಟುವ ಹಗ್ಗ ತುಂಡರಿಸಲು ಅದಕ್ಕಿಂತ ಅನುಕೂಲದ ಸಾಧನವನ್ನು ನಾನು ಕಂಡಿಲ್ಲ. ಆದರೆ ಅದೇ ಕೀಲಿನಿಂದಾಗಿ ಅದು ಎಷ್ಟೇ ಒಳ್ಳೆಯ ಚಾಕುವಾದರೂ ಒಂದೇ ಉಕ್ಕಿನ ಪಟ್ಟಿಯಿಂದ ಮಾಡಿದ ಗಟ್ಟಿ ಚಾಕುವಿನಷ್ಟು ಬಲವನ್ನು ತಾಳಲಾರದು.

ಕೀಲಿನ ಬಗೆಗಳನ್ನು ಸ್ವಲ್ಪ ವಿವರಿಸುತ್ತೇನೆ. ಅಗ್ಗದ ಚಾಕುಗಳಲ್ಲಿಯೂ 1897ರಲ್ಲಿ ಹುಟ್ಟಿ ಮುಂದೆ ಪ್ರಸಿದ್ಧವಾದ ಸ್ವಿಸ್ ಅಧಿಕಾರಿಗಳ ಕೆಂಪು ಚಾಕುವಿನ (ಸ್ವಿಸ್ ಆರ್ಮಿ ನೈಫ್) ಹೆಚ್ಚಿನ ಮಾದರಿಗಳಲ್ಲಿಯೂ ಹಿಡಿಯ ಬೆನ್ನಿನಲ್ಲಿರುವ ಸ್ಪ್ರಿಂಗ್ ಅಲಗಿನ ಬುಡವನ್ನು ಒತ್ತಿ ಹಿಡಿದಿರುತ್ತದೆಯೇ ಹೊರತು ಬೀಗ ಹಾಕಿರುವುದಿಲ್ಲ. ಕೊಯ್ಯುವಾಗ ಬಲವು ಅಲಗನ್ನು ತೆರೆಯುವ ದಿಕ್ಕಿಗೇ ಬೀಳುವುದರಿಂದ ತೊಂದರೆಯಿಲ್ಲ. ಚುಚ್ಚುವಾಗ ಅಥವಾ ಮೀಟುವಾಗ ಮಾತ್ರ ಅಲಗು ಹಿಂದಕ್ಕೆ ಮಡಚಿಕೊಂಡು ಬೆರಳಿನ ಮೇಲೆಯೇ ಬರುತ್ತದೆ. ಹಲವು ವರ್ಷಗಳ ಹಿಂದೆ ಇಂಥದೇ ಚಾಕುವಿನ ಮೊನೆಯನ್ನು ತೆಂಗಿನಕಾಯಿಯ ಕಣ್ಣಿಗೆ ಒತ್ತಿ ತಿರುಗಿಸಲು ಹೋಗಿ ತೋರುಬೆರಳಿಗೆ ಮೂರು ಹೊಲಿಗೆ ಹಾಕಿಸಿಕೊಂಡಿದ್ದೇನೆ. ಗಿಣ್ಣಿನ ಬಳಿ ಆ ಗೆರೆ ಇನ್ನೂ ಇದೆ. ಆದ್ದರಿಂದ ತೋಟದ ಕೆಲಸಕ್ಕೆ ಬೀಗವಿರುವ ಚಾಕುವನ್ನೇ ಆರಿಸಿಕೊಳ್ಳಿ. ಕೆಲವದರಲ್ಲಿ ಹಿಡಿಯ ಒಳಗಿನ ತಗಡು ಪಕ್ಕಕ್ಕೆ ಸರಿದು ಅಲಗಿನ ಹಿಂದೆ ನಿಲ್ಲುತ್ತದೆ. ಫ್ರಾನ್ಸಿನ ಸವೊಯಿ ಪ್ರಾಂತ್ಯದಲ್ಲಿ 1890ರಲ್ಲಿ ಹುಟ್ಟಿದ ಒಪಿನೆಲ್ ಚಾಕುವಿಗೆ 1955ರಲ್ಲಿ ಸೇರಿಸಿದ ತಿರುಗುವ ಉಂಗುರವು ಇನ್ನೊಂದು ಬಗೆಯದು. ಉಂಗುರ ತಿರುಗಿಸಿದರೆ ಅಲಗು ಅಲುಗದು. ಅಂಗಡಿಯಲ್ಲಿ ಅಲಗನ್ನು ತೆರೆದು, ಹಿಡಿಯನ್ನು ಗಟ್ಟಿಯಾಗಿ ಹಿಡಿದು, ಅಲಗನ್ನು ಎಡಕ್ಕೂ ಬಲಕ್ಕೂ ಮೆಲ್ಲನೆ ಅಲ್ಲಾಡಿಸಿ ನೋಡಿ. ಹೊಸದರಲ್ಲಿಯೇ ಕಟಕಟ ಎನ್ನುವ ಕೀಲು ಒಂದು ಮಳೆಗಾಲವನ್ನೂ ಕಳೆಯದು.

ನಿಮ್ಮ ಕಡೆಯ ಮಳೆಯನ್ನೂ ಗಮನದಲ್ಲಿಡಬೇಕು. ಮರದ ಹಿಡಿ ನೀರು ಕುಡಿದು ಉಬ್ಬಿದರೆ ಅಲಗು ಬಿಗಿದುಕೊಂಡು ತೆರೆಯುವುದೇ ಕಷ್ಟವಾಗುತ್ತದೆ. ಕಾರ್ಬನ್ ಸ್ಟೀಲಿನ ಅಲಗು ಸಾಣೆಕಲ್ಲಿಗೆ ಬೇಗ ಒಲಿಯುತ್ತದೆ, ಆದರೆ ಅಡಿಕೆಯ ಚೊಗರು ತಾಗಿದರೆ ಕಪ್ಪಾಗುತ್ತದೆ, ಒದ್ದೆ ಇಟ್ಟರೆ ತುಕ್ಕು ಹಿಡಿಯುತ್ತದೆ. ದಿನವೂ ಒರೆಸಿಡುವ ಶಿಸ್ತಿಲ್ಲದವರಿಗೆ ಸ್ಟೇನ್‌ಲೆಸ್ ಸ್ಟೀಲೇ ಲೇಸು. ಹಲಸಿನ ಮೇಣ ಕೀಲಿಗೆ ಇಳಿದರೆ ಅಲಗು ಅರ್ಧದಲ್ಲಿಯೇ ನಿಲ್ಲುತ್ತದೆ. ಬಟ್ಟೆಯ ತುದಿಗೆ ಕೊಬ್ಬರಿ ಎಣ್ಣೆ ಹಚ್ಚಿ, ಕಡ್ಡಿಯಿಂದ ಸಂದಿಗೆ ತೂರಿಸಿ, ಮೇಣವೆಲ್ಲ ಬಿಡುವವರೆಗೆ ಉಜ್ಜಿ, ಆಮೇಲೆ ಸೋಪಿನ ನೀರಿನಲ್ಲಿ ತೊಳೆದು ಚೆನ್ನಾಗಿ ಒಣಗಿಸಿ, ಕೀಲಿಗೆ ಹೊಲಿಗೆ ಯಂತ್ರದ ಎಣ್ಣೆಯ ಒಂದು ಹನಿ ಬಿಡಬೇಕು. ಕೊಬ್ಬರಿ ಎಣ್ಣೆಯನ್ನು ಹಾಗೆಯೇ ಬಿಟ್ಟರೆ ಅದು ಕಾಲಕ್ರಮದಲ್ಲಿ ಅಂಟಾಗುತ್ತದೆ. ಇನ್ನೊಂದು ಮಾತು: ಉಗುರು ಸಿಕ್ಕಿಸಿ ತೆರೆಯುವ ಚಾಕುವಿಗೆ ಎರಡೂ ಕೈ ಬೇಕು. ಏಣಿಯ ಮೇಲೆ ಒಂದು ಕೈಯಲ್ಲಿ ಕೊಂಬೆ ಹಿಡಿದು ನಿಂತಾಗ ಅದನ್ನು ಹಲ್ಲಿನಿಂದ ತೆರೆಯುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ಕಸಿಗೆ ಮಾತ್ರ ಬೇರೆ ಚಾಕು ಬೇಕು. ಕಸಿ ಚಾಕುವೂ ಸಾಮಾನ್ಯವಾಗಿ ಮಡಿಸುವಂಥದೇ, ಆದರೆ ಅದರ ಅಲಗನ್ನು ಒಂದೇ ಮಗ್ಗುಲಿಗೆ ಮಸೆದಿರುತ್ತಾರೆ, ಇನ್ನೊಂದು ಮಗ್ಗುಲು ಸಪಾಟಾಗಿರುತ್ತದೆ. ಗೇರಿನ ಮೆದುಕಾಂಡ ಕಸಿಯಲ್ಲಿ, ಅಂದರೆ ಎಳೆಯ ಸಸಿಯ ಕಾಂಡವನ್ನು ಸೀಳಿ ಅದರೊಳಗೆ ಬೇಕಾದ ಮರದ ಕಡ್ಡಿಯನ್ನು ಕೂರಿಸುವ ಕಸಿಯಲ್ಲಿ, ಆ ಕಸಿಕಡ್ಡಿಯ ಬುಡವನ್ನು ಎರಡೂ ಕಡೆ ಬೆಣೆಯಂತೆ ಒಂದೇ ಎಳೆತದಲ್ಲಿ ನುಣುಪಾಗಿ ಕೆತ್ತಬೇಕು. ಎರಡೂ ಮಗ್ಗುಲು ಮಸೆದ ಚಾಕು ಕಡ್ಡಿಯೊಳಕ್ಕೆ ಜಾರಿ ಕೊಯ್ತ ಅಂಕುಡೊಂಕಾಗುತ್ತದೆ, ಸಸಿಯ ಸೀಳಿಗೂ ಕಡ್ಡಿಗೂ ನಡುವೆ ಸಂದಿ ಉಳಿದು ಕಸಿ ಕೂಡುವುದಿಲ್ಲ. ನೀವು ಎಡಗೈಯವರಾದರೆ ಅಂಗಡಿಯವರಿಗೆ ಮೊದಲೇ ಹೇಳಿ, ಮಗ್ಗುಲು ತಿರುಗಿಸಿ ಮಸೆದ ಚಾಕುವೇ ಬೇಕಾಗುತ್ತದೆ. ಆ ಚಾಕುವಿನಿಂದ ಹಗ್ಗ, ಚೀಲ ಯಾವುದನ್ನೂ ಕೊಯ್ಯಬೇಡಿ. ನಿಮ್ಮ ಊರಿನಲ್ಲಿಯೇ ಗೇರು ಸಂಶೋಧನಾ ನಿರ್ದೇಶನಾಲಯವಿದೆ. ಕೈಹಿಡಿತವನ್ನು ಒಮ್ಮೆ ಅಲ್ಲಿ ಕಣ್ಣಾರೆ ನೋಡಿ ಬನ್ನಿ.

ಪ್ರಶ್ನೆ: ಮಗ ಇಂಗ್ಲೆಂಡಿನಲ್ಲಿ ಓದುತ್ತಿದ್ದಾನೆ. ಅವನಿಗೆ ಬೀಗವಿರುವ ಒಂದು ಪುಟ್ಟ ಚಾಕು ಕೊಟ್ಟು ಕಳಿಸಬಹುದೇ?
– ಓದುಗರೊಬ್ಬರು, ಮೈಸೂರು

ಉತ್ತರ: ಬೇಡ. ಮೇಲೆ ನಾನು ಹೊಗಳಿದ ಬೀಗವೇ ಅಲ್ಲಿ ತೊಡಕು. ಬ್ರಿಟನ್ನಿನಲ್ಲಿ 3 ಇಂಚು ಮೀರದ ಅಲಗಿನ, ಬೀಗವಿಲ್ಲದ ಮಡಿಸುವ ಚಾಕುವನ್ನು ಮಾತ್ರ ಸಕಾರಣವಿಲ್ಲದೆಯೂ ಸಾರ್ವಜನಿಕ ಸ್ಥಳದಲ್ಲಿ ಜೊತೆಗಿಟ್ಟುಕೊಳ್ಳಬಹುದು. ಬೀಗ ಹಾಕುವ ಚಾಕು ಎಷ್ಟೇ ಚಿಕ್ಕದಾದರೂ ಈ ವಿನಾಯಿತಿಗೆ ಒಳಪಡುವುದಿಲ್ಲ. ಹಣ್ಣು ಕೊಯ್ಯಲು ಬೇಕಿದ್ದರೆ ಬೀಗವಿಲ್ಲದ ಚಿಕ್ಕದೊಂದನ್ನು ಕೊಡಿ, ಚುಚ್ಚಲು ಬಳಸಬಾರದೆಂದು ತಿಳಿಸಿ. ವಿಮಾನದಲ್ಲಿ ಅದು ಕೈಚೀಲದಲ್ಲಿ ಇರುವಂತಿಲ್ಲ. ವಿಮಾನ ಸಂಸ್ಥೆಗೆ ಒಪ್ಪಿಸುವ ದೊಡ್ಡ ಪೆಟ್ಟಿಗೆಯಲ್ಲಿ, ಬಟ್ಟೆಗಳ ನಡುವೆ ಸುತ್ತಿಡಲು ಹೇಳಿ.